ನಾಲ್ಕರಾಗ ಯಾವ ಮಾಪು?

ನಮ್ಮ ಕಾಕಾನ ಎದುರು ಏನು ಬೇಕಾದರೂ ಮಾತಾಡಿ, ಅಂಕಿಯನ್ನು ಮಾತ್ರ ಬಾಯಿಗೆ ತರಬೇಡಿ. ರಾಜಕೀಯ ಮಾತಾಡಿ, ನಕ್ಕು ಸುಮ್ಮನಾಗುತ್ತಾರೆ. ಅವರ ಬೋಳು ತಲೆಯ ಬಗ್ಗೆ ಆಡಿಕೊಳ್ಳಿ, ತಾವೂ ಎರಡು ಮಾತು ಸೇರಿಸುತ್ತಾರೆ. ಆದರೆ ಮೈಮರೆತು ‘ಮೂರು’ ಎಂದಿರೋ, ಮುಗಿಯಿತು ನಿಮ್ಮ ಕಥೆ! ಕೂತಲ್ಲೇ ಮುಂದಕ್ಕೆ ಬಾಗಿ, ಕನ್ನಡಕ ಹಣೆಗೇರಿಸಿ, “ಯಾವ ಮೂರು?” ಎನ್ನುತ್ತಾರೆ. ಏನು ಹೇಳೋಣ? ಮೂರು ಅಂದರೆ ಮೂರು! ಹಾಗೆಂದು ಉತ್ತರ ಕೊಟ್ಟ ಒಬ್ಬ ವಿಮಾ ಏಜೆಂಟ್ ನಮ್ಮ ಗಲ್ಲಿಗೆ ಮತ್ತೆ ಕಾಲಿಡಲಿಲ್ಲ.

ಇವರು ನನ್ನ ಅಪ್ಪನ ತಮ್ಮ. ಬಿ.ಎಡ್ ಓದಲೆಂದು ನಾನು ಬೀದರಿನಲ್ಲಿ ಎರಡು ವರ್ಷ ಇವರ ಮನೆಯಲ್ಲಿದ್ದೆ. ಸರಿಯಾಗಿ ಆ ಎರಡು ವರ್ಷವೇ ಮಳೆ ಕೈಕೊಡಬೇಕೆ! ಭಾಲ್ಕಿ ತಾಲೂಕಿನ ನಮ್ಮ ಮೆಹಕರದಲ್ಲಿ ಬಾವಿಯ ತಳದ ಕಲ್ಲು ಕಾಣುತ್ತಿತ್ತು. “ಶಹರದಾಗರೆ ಕುಡಿಯಾಕ ನೀರು ಸಿಗ್ತಾವ, ಹೋಗವ್ವಾ” ಎಂದು ಅಪ್ಪ ಬಸ್ ಹತ್ತಿಸಿದರು. ಪಾಪ, ಅಲ್ಲಿ ನೀರಿಗಿಂತ ಮೊದಲು ಪಾಠ ಸಿಗುತ್ತದೆ ಎಂದು ಅಪ್ಪನಿಗೇನು ಗೊತ್ತು?

ಕಾಕಾ ತೂಕ-ಅಳತೆಯ ಇಲಾಖೆಯಲ್ಲಿದ್ದವರು. ಔರಾದ ಸಂತೆ, ಭಾಲ್ಕಿ ಸಂತೆ ಎಂದು ತಿರುಗಿ ವ್ಯಾಪಾರಿಗಳ ತೂಕದ ಕಲ್ಲು ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿ ನಿವೃತ್ತರಾದರು. ಅಷ್ಟೇ ಆಗಿದ್ದರೆ ನನ್ನ ಪಾಡು ಬೇರೆ ಇರುತ್ತಿತ್ತು. ಆದರೆ ನಡುವೆ ಒಮ್ಮೆ ಅವರನ್ನು ಎಂಟು ದಿನದ ತರಬೇತಿಗೆ ಕಲಬುರಗಿಗೆ ಕಳಿಸಿದ್ದರಂತೆ. ಅಲ್ಲಿ ಯಾರೋ ಪುಣ್ಯಾತ್ಮ ಅಂಕಿಗಳಲ್ಲಿ ನಾಲ್ಕು ಬಗೆ ಇವೆ ಎಂದು ಹೇಳಿಕೊಟ್ಟುಬಿಟ್ಟ. ಹೋದವರು ಒಬ್ಬರು, ತಿರುಗಿ ಬಂದವರು ಇನ್ನೊಬ್ಬರು ಎನ್ನುತ್ತಾಳೆ ನಮ್ಮ ಕಾಕಿ.

ಬಂದ ದಿನವೇ ಕಾಕಾ ಚೀಲ ಕೆಳಗಿಡುವ ಮೊದಲು, “ಕೇಳಿಲ್ಲಿ, ಅಂಕಿಯೊಳಗ ನಾಲ್ಕು ಜಾತಿ ಅವ” ಎಂದರಂತೆ. ಕಾಕಿ ಶರಣರ ಮನೆತನದವಳು. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ ಬಸವಣ್ಣನ ಪಟಕ್ಕೆ ಕೈ ಮುಗಿಯದೆ ನೀರು ಮುಟ್ಟುವುದಿಲ್ಲ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳಂತೆ: “ಮನಷ್ಯಾರಿಗೆ ಹಚ್ಚಿದ್ದು ಸಾಲಲಿಲ್ಲಂತ ಅಂಕಿಗೂ ಜಾತಿ ಹಚ್ಚಿ ಬಂದ್ರೇನ್ರಿ?”

ಅಂದಿನಿಂದ ಕಾಕಾ ‘ಜಾತಿ’ ಬಿಟ್ಟು ಅಳತೆ ಎಂಬ ಅರ್ಥದಲ್ಲಿ ‘ಮಾಪು’ ಎನ್ನತೊಡಗಿದರು. ಆ ನಾಲ್ಕು ಮಾಪು ನನಗೆ ಬಾಯಿಪಾಠ. ಬೇಡವೆಂದರೂ ಹೇಳಿಕೊಟ್ಟಿದ್ದಾರೆ, ನೀವೂ ಸ್ವಲ್ಪ ಅನುಭವಿಸಿ. ಮೊದಲನೆಯದು ಹೆಸರಿನ ಅಂಕಿ. ಮನೆ ನಂಬರ್, ಬಸ್ ನಂಬರ್ ಇವೆಲ್ಲ ಬರೀ ಹೆಸರು. “ನಮ್ಮ ಮನಿ ನಂಬರ ಇಪ್ಪತ್ತು, ಕಿರಾಣಿ ಸಾಹುಕಾರಂದು ಹತ್ತು. ಹಂಗಂತ ನಾವು ಅವನಕಿಂತ ಎರಡು ಪಟ್ಟು ದೊಡ್ಡವರೇನು?” ಎಂದು ಕೇಳುತ್ತಿದ್ದರು. ಎರಡನೆಯದು ಸಾಲಿನ ಅಂಕಿ. ಮೊದಲನೆಯವನು, ಎರಡನೆಯವನು, ಮೂರನೆಯವನು. ಯಾರು ಮುಂದೆ, ಯಾರು ಹಿಂದೆ ಎಂದಷ್ಟೇ ಅದು ಹೇಳುತ್ತದೆ. ಎಷ್ಟು ಮುಂದೆ ಎಂದು ಹೇಳುವುದಿಲ್ಲ. ಮೂರನೆಯದು ಅಂತರದ ಅಂಕಿ, ಥರ್ಮಾಮೀಟರಿನದು. ಮೆಟ್ಟಿಲುಗಳೆಲ್ಲ ಸಮ, ಆದರೆ ಸೊನ್ನೆ ಮಾತ್ರ ಯಾರೋ ತಮ್ಮ ಅನುಕೂಲಕ್ಕೆ ಇಟ್ಟದ್ದು. ನಾಲ್ಕನೆಯದು ಖರೇ ಸೊನ್ನೆಯ ಅಂಕಿ. ಕೆಜಿ, ಫೂಟು, ಕೊಡ. ಅಲ್ಲಿ ಸೊನ್ನೆ ಎಂದರೆ ನಿಜಕ್ಕೂ ಏನೂ ಇಲ್ಲ, ಎರಡು ಪಟ್ಟು ಎಂದರೆ ನಿಜಕ್ಕೂ ಎರಡು ಪಟ್ಟು.

“ಉಳಿದ ಮೂರು ನಿಮಗೇ ಇರಲಿ. ಕಡೀದೊಂದು ನನಗ ಗೊತ್ತದ. ಕೊಡದಾಗ ಸೊನ್ನಿ ಅಂದ್ರ ಸೊನ್ನಿ” ಎನ್ನುತ್ತಿದ್ದಳು ಕಾಕಿ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಕಡೆ ಕ್ಷಮಿಸಿ ಎನ್ನಲು ಯಾರೂ ತುಟಿ ಕಚ್ಚಿ ‘ಮಾಫ್’ ಎನ್ನುವುದಿಲ್ಲ, ‘ಮಾಪ್ ಮಾಡ್ರಿ’ ಎನ್ನುತ್ತಾರೆ. ಮಾಪು ಎಂದರೆ ಅಳತೆಯೂ ಹೌದಲ್ಲ! ಔರಾದ ಬಸ್ಸಿನಲ್ಲಿ ಒಮ್ಮೆ ಒಬ್ಬಾತ ಕಾಕಾನ ಕಾಲು ತುಳಿದು “ಮಾಪ್ ಮಾಡ್ರಿ ಕಾಕಾ” ಎಂದ. ಕಾಕಾ ಅವನ ಕೈ ಹಿಡಿದುಕೊಂಡು, “ಮಾಡ್ತೇನಿ. ಯಾವ ಮಾಪು? ನಾಲ್ಕರಾಗ ಯಾವುದು ಹೇಳು!” ಎಂದರು. ಠಾಣಾ ಕುಶನೂರಿಗೆ ಟಿಕೆಟ್ ತೆಗೆದಿದ್ದ ಆ ಮನುಷ್ಯ ಎರಡು ಸ್ಟಾಪ್ ಮೊದಲೇ ಬಿಸಿಲಲ್ಲಿ ಇಳಿದು ಹೋದ. ಪಕ್ಕದಲ್ಲಿ ಕೂತಿದ್ದ ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ.

ಆ ಬೇಸಿಗೆ ಎಂಥ ಬೇಸಿಗೆ! ಎದುರುಮನೆಯ ಕಿರಾಣಿ ಸಾಹುಕಾರರು ಪೇಪರ್ ಹಿಡಿದು ಬಂದು, “ನಲವತ್ತೆರಡು ಡಿಗ್ರಿ ರೀ! ಸಂಕ್ರಾಂತಿಗೆ ಇಪ್ಪತ್ತೊಂದಿತ್ತು. ಬರೋಬ್ಬರಿ ಎರಡು ಪಟ್ಟು ಬಿಸಿಲು!” ಎಂದರು. ನಾನು ಕಣ್ಸನ್ನೆ ಮಾಡಿದೆ, ಅವರು ನೋಡಲಿಲ್ಲ.

“ಎರಡು ಪಟ್ಟು ಹ್ಯಾಂಗ ಆಗ್ತದ್ರಿ?” ಕಾಕಾ ಎದ್ದೇ ಬಿಟ್ಟರು. “ಅದೇ ಬಿಸಿಲು ಜ್ವರ ನೋಡೋ ಥರ್ಮಾಮೀಟರಿನ ಲೆಕ್ಕದಾಗ ಹೇಳ್ತೇನಿ ಕೇಳ್ರಿ. ಅವಾಗ ಎಪ್ಪತ್ತು, ಇವಾಗ ನೂರಾ ಎಂಟು. ಎಲ್ಲದ ನಿಮ್ಮ ಎರಡು ಪಟ್ಟು? ಬಿಸಿಲು ಅದೇ, ಸೂರ್ಯಾನೂ ಅಂವನೇ! ಸೊನ್ನಿ ಡಿಗ್ರಿ ಅಂದ್ರ ಬಿಸಿನೇ ಇಲ್ಲಂತಲ್ರಿ. ನೀರು ಎಲ್ಲಿ ಹೆಪ್ಪುಗಟ್ತದೋ ಅಲ್ಲಿ ಯಾರೋ ಒಂದು ಸೊನ್ನಿ ಇಟ್ಟಾರ, ಅಷ್ಟೇ.”

ಸಾಹುಕಾರರು ಬೆವರು ಒರೆಸಿಕೊಂಡು, “ಹೆಪ್ಪುಗಟ್ಟಾಕ ಮೊದಲ ನೀರರೆ ಬೇಕಲ್ರಿ” ಎಂದು ಪೇಪರ್ ಮಡಚಿಕೊಂಡು ಹೋದರು.

ಇವೆಲ್ಲ ಊರ ಮಂದಿಯ ಕಷ್ಟ. ನನ್ನ ಕಷ್ಟ ಕೇಳಿ. ಭಾಲ್ಕಿಯಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಹುಡುಗ ಸರ್ಕಾರಿ ನೌಕರ, ನೋಡಲೂ ಲಕ್ಷಣವಾಗಿದ್ದ. ಸುಳ್ಳೇಕೆ ಹೇಳಲಿ, ನನ್ನ ಮನಸ್ಸಿಗೂ ಬಂದಿದ್ದ. ಹುಡುಗನ ತಂದೆ ಚಹಾ ಕುಡಿಯುತ್ತಾ, “ಹುಡುಗಿ ಓದಿನಾಗ ಹ್ಯಾಂಗ್ರಿ?” ಎಂದು ಕೇಳಿದರು. ಮೆಹಕರದಿಂದ ಹೊಸ ಟೊಪ್ಪಿಗೆ ಹಾಕಿಕೊಂಡು ಬಂದಿದ್ದ ನನ್ನ ಅಪ್ಪ ಎದೆ ಉಬ್ಬಿಸಿ, “ಡಿಗ್ರಿಯೊಳಗ ಕನ್ನಡದಾಗ ಕಾಲೇಜಿಗೇ ಎರಡನೇ ನಂಬರ್ ರೀ!” ಎಂದರು. ನಂಬರ್ ಎಂದರು! ಕಾಕಾನ ಕನ್ನಡಕ ಆಗಲೇ ಹಣೆಗೇರಿತ್ತು.

“ಅದು ಸಾಲಿನ ಅಂಕಿ ರೀ” ಎಂದರು ಕಾಕಾ. “ಎರಡನೇ ನಂಬರ್ ಅಂದ್ರ ಏನೂ ತಿಳಿಯೂದಿಲ್ಲ. ಮೊದಲನೇದಾಕಿಗೂ ಇಕಿಗೂ ನಲವತ್ತು ಮಾರ್ಕ್ಸಿನ ಅಂತರ ಅದ. ಮ್ಯಾಲ ಆ ಪರೀಕ್ಷಾಕ್ಕ ಹೆಸರು ಕೊಟ್ಟವರು ಬರೀ ಮೂರು ಮಂದಿ.” ಒಂದು ಗುಟುಕು ಚಹಾ ಕುಡಿದು ಮುಗಿಸಿದರು: “ಅದರಾಗ ಒಬ್ಬಾಕಿಗೆ ಆ ದಿನ ಜ್ವರ.”

ಬಂದವರು ‘ಪತ್ರ ಬರೀತೇವಿ’ ಎಂದು ಎದ್ದರು. ಬೀದರಿನಿಂದ ಭಾಲ್ಕಿ ಎಷ್ಟು ದೂರ? ಆ ಪತ್ರ ಇನ್ನೂ ಬಂದಿಲ್ಲ. ನಾನು ಅಡುಗೆಮನೆಯಲ್ಲಿ ಕೂತು ಅತ್ತೆ. ಕಾಕಿ ತಲೆ ಸವರುತ್ತಾ, “ಹೋಗಲಿ ಬಿಡವ್ವಾ, ಸುಳ್ಳರೆ ಹೇಳಿಲ್ಲಲ್ಲ” ಎಂದಳು. “ಖರೇ ಹೇಳಿದ್ದಕ್ಕೇ ಅಳಾಕತ್ತೀನಿ ಕಾಕಿ!” ಎಂದೆ. ಅವಳು ನಕ್ಕಳು, ನಗುತ್ತಲೇ ಸೊಂಟಕ್ಕೆ ಕೈ ಕೊಟ್ಟುಕೊಂಡು ಎದ್ದಳು. ಸೊಂಟಕ್ಕೆ ಏನಾಗಿದೆ ಎಂದರೆ ಅವಳದು ಯಾವಾಗಲೂ ಒಂದೇ ಉತ್ತರ: “ಏನಿಲ್ಲ.”

ಏನಿಲ್ಲ ಅಂತೆ! ಮನೆಯ ನೀರೆಲ್ಲ ಅವಳ ಸೊಂಟದ ಮೇಲೆಯೇ ಬರುತ್ತಿತ್ತು. ನಲ್ಲಿ ಒಣಗಿ ತಿಂಗಳಾಗಿತ್ತು. ವಾರಕ್ಕೆ ಎರಡು ಸಲ ಗಲ್ಲಿಯ ತುದಿಗೆ ಟ್ಯಾಂಕರ್ ಬರುತ್ತಿತ್ತು. ಕಾಲೇಜು ಇಲ್ಲದ ದಿನ ನಾನೂ ಹೋಗುತ್ತಿದ್ದೆ, ಇಲ್ಲವಾದರೆ ಕಾಕಿ ಒಬ್ಬಳೇ. ಕಾಕಾ? ಕಾಕಾ ಟ್ಯಾಂಕರಿನ ಪಕ್ಕ ನಿಂತು, ಕೊಡವೆಂಬುದು ಏಕೆ ನಾಲ್ಕನೆಯ ಮಾಪು ಎಂದು ಮಂದಿಗೆ ತಿಳಿಸಿ ಹೇಳುತ್ತಿದ್ದರು. ಕೊಡ ಎತ್ತಿದ್ದನ್ನು ಮಾತ್ರ ನಾನು ಕಂಡಿಲ್ಲ.

ಗಲ್ಲಿಯ ಹಿಂದಿನ ಬಯಲಿನಲ್ಲಿ ಆಗ ಔರಾದ ಕಡೆಯ ಹತ್ತಾರು ಕುಟುಂಬಗಳು ಬಂದು ಇಳಿದಿದ್ದವು. ಊರಲ್ಲಿ ಮನೆಗೆ ಬೀಗ ಹಾಕಿ, ಕಟ್ಟಡದ ಕೆಲಸ ಹುಡುಕಿಕೊಂಡು ಬಂದವರು. ಕೆಲವರು ವಾರವಿದ್ದು ಹೈದರಾಬಾದಿಗೆ ಹೋಗುತ್ತಿದ್ದರು, ಬೇರೆಯವರು ಬರುತ್ತಿದ್ದರು. ಅವರಿಗೂ ನೀರು ನಮ್ಮ ಟ್ಯಾಂಕರಿನಿಂದಲೇ ಆಗಬೇಕು. ಗಲ್ಲಿಯವರು ಮುಖ ಗಂಟು ಹಾಕಿದರೆ ಕಾಕಿ, “ನೀ ಮುಂದ ನಿಂದರವ್ವಾ, ಕಂಕುಳಾಗ ಕೂಸದ” ಎಂದು ಒಬ್ಬೊಬ್ಬರನ್ನೇ ತನ್ನ ಮುಂದೆ ಬಿಟ್ಟುಕೊಳ್ಳುವಳು. ಎಲ್ಲರಿಗಿಂತ ಮೊದಲು ಹೋದವಳು ಎಲ್ಲರಿಗಿಂತ ಹಿಂದೆ ನಿಂತಿರುತ್ತಿದ್ದಳು. ಆರು ಕೊಡ ಬರಬೇಕಾದಲ್ಲಿ ಎರಡು ಬರುತ್ತಿದ್ದವು. ನನಗೆ ಅವಳ ಮೇಲೂ ಸಿಟ್ಟು ಬರುತ್ತಿತ್ತು. ಈ ಮನೆಯಲ್ಲಿ ತಲೆ ಸರಿ ಇದ್ದವರು ಯಾರಾದರೂ ಇದ್ದಾರೆಯೇ?

ಟ್ಯಾಂಕರಿನ ಹತ್ತಿರ ಜಗಳ ಹೆಚ್ಚಾದಾಗ ಕಾಕಾ ಒಂದು ಉಪಾಯ ಹೂಡಿದರು. ಖಾಲಿ ಎಣ್ಣೆ ಡಬ್ಬಿಗಳನ್ನು ಕತ್ತರಿಸಿ, ಅರವತ್ತು ತಗಡಿನ ಬಿಲ್ಲೆ ಮಾಡಿ, ಒಂದರಿಂದ ಅರವತ್ತರವರೆಗೆ ಅಂಕಿ ಒತ್ತಿದರು. ಮನೆಗೊಂದು ಬಿಲ್ಲೆ, ಬಯಲಿನ ಗುಡಾರಕ್ಕೂ ಒಂದೊಂದು. ಯಾರೂ ತಪ್ಪಿ ಹೋಗಬಾರದು, ಯಾರೂ ಎರಡು ಸಲ ಬರಬಾರದು ಎಂಬುದು ಲೆಕ್ಕ. ಒಳ್ಳೆಯ ಲೆಕ್ಕವೇ, ನಾನು ಇಲ್ಲ ಎನ್ನುವುದಿಲ್ಲ. ಆದರೆ ಹಂಚುವಾಗ ಪ್ರತಿ ಬಾಗಿಲಲ್ಲೂ ಹೇಳಿದರು: “ಇದು ಹೆಸರಿನ ಅಂಕಿ. ಸಾಲಿನ ಅಂಕಿ ಅಲ್ಲ. ಮೊದಲು ಬಂದವರು ಮೊದಲು ತುಂಬಬೇಕು.” ಎಲ್ಲರೂ ತಲೆ ಆಡಿಸಿದರು. ನಮ್ಮ ಮಂದಿ ತಲೆ ಆಡಿಸಿದರು ಎಂದರೆ ಏನರ್ಥ ಎಂದು ಕಾಕಾನಿಗೆ ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.

ಟ್ಯಾಂಕರ್ ಬಂತು. ಮೂಲೆಮನೆಯವನು ಬಿಲ್ಲೆ ಮೇಲೆತ್ತಿ, “ಹಿಂದ ಸರೀರಿ! ನಂದು ಒಂದನೇ ನಂಬರ್!” ಎಂದು ನುಗ್ಗಿದ. “ಮೂವತ್ತು ವರ್ಷದಿಂದ ಗಲ್ಲಿಯೊಳಗ ಇದ್ದಾಂವ ನಾ, ನನಗ ಮೂವತ್ತೊಂದು ಯಾಕ್ರಿ?” ಎಂದು ಸಾಹುಕಾರರು ಕೆರಳಿದರು. ಬಯಲಿನ ಹೆಂಗಸೊಬ್ಬಳು ಕಣ್ಣಲ್ಲಿ ನೀರು ತಂದುಕೊಂಡು, “ನಾವೇನು ನಲವತ್ತಮೂರನೇ ದರ್ಜೆದವರೇನ್ರಿ ಕಾಕಾ?” ಎಂದಳು. ಕಾಕಾ ಟ್ಯಾಂಕರಿನ ಮೆಟ್ಟಿಲು ಹತ್ತಿ ನಿಂತರು. ಪೈಪಿಗೆ ಅಡ್ಡ ನಿಂತು, ಮೊದಲನೆಯ ಮಾಪನ್ನು ಮೊದಲಿನಿಂದ ಶುರು ಮಾಡಿದರು!

ಡ್ರೈವರ್ ಸ್ವಲ್ಪ ಹೊತ್ತು ಕೇಳಿದ. ಕೆಳಗೆ ಕೊಡಗಳು ಒಂದಕ್ಕೊಂದು ಬಡಿಯತೊಡಗಿದವು. “ಕಾಕಾ, ನಿಮ್ಮ ಭಾಷಣ ಮುಗಿಯೂತನಕ ನೀರು ಆವಿಯಾಗಿ ಹೋಗ್ತದ. ಮುಂದಿನ ಗಲ್ಲಿಯವರು ದಾರಿ ಕಾಯಾಕತ್ತಾರ” ಎಂದು ಅವರನ್ನು ಇಳಿಸಿ, ಗಾಡಿ ಹೊರಡಿಸಿಯೇ ಬಿಟ್ಟ. ಅರವತ್ತು ಬಿಲ್ಲೆ, ಒಂದು ಕೊಡ ನೀರೂ ಇಲ್ಲ. ಕಾಕಿ ತನ್ನ ಖಾಲಿ ಕೊಡವನ್ನು ಕಾಕಾನ ಮುಂದೆ ಬೋರಲು ಹಾಕಿ ಕೇಳಿದಳು: “ಇದು ಖರೇ ಸೊನ್ನಿ ಹೌದಲ್ರಿ?”

ಆ ಸಂಜೆ ಅವಳು ಮನೆಮನೆಗೆ, ಗುಡಾರ ಗುಡಾರಕ್ಕೆ ಹೋಗಿ “ಮಾಪ್ ಮಾಡ್ರಿ” ಎಂದು ಬಂದಳು. ಕಾಕಾ ಜಗುಲಿಯಲ್ಲಿ ಕೂತಿದ್ದರು. ನಲವತ್ತಮೂರನೆಯ ಬಿಲ್ಲೆ ಮರುದಿನ ಒಂದು ಮೇಕೆಯ ಕೊರಳಲ್ಲಿ ಕಂಡಿತು. “ನೋಡು, ಹೆಸರಿನ ಅಂಕಿ ಅಂದ್ರೇನಂತ ಈ ಆಡೊಂದಕ್ಕೇ ತಿಳಿದದ” ಎಂದರು ಕಾಕಾ. ಸಂಕಟವೇ ಪಡಲಿಲ್ಲವಲ್ಲ ಈ ಮನುಷ್ಯ ಎಂದು ನನಗೆ ಮೈ ಉರಿಯಿತು.

ಮುಂದಿನ ಟ್ಯಾಂಕರ್ ಬಂದ ದಿನ ನೂಕುನುಗ್ಗಲು ಹೇಳತೀರದು. ನಾನು ಪಾಠ ಮಾಡುವ ಪರೀಕ್ಷೆಗೆಂದು ಹೋಗಿದ್ದೆ. ಕಾಕಿ ಯಥಾಪ್ರಕಾರ ಕೊನೆಯಲ್ಲಿ ನಿಂತು, ತುಂಬಿದ ಕೊಡ ಸೊಂಟಕ್ಕಿಟ್ಟು ತಿರುಗಿದವಳು ಪೈಪಿನ ಕೆಳಗಿನ ರಾಡಿಯಲ್ಲಿ ಜಾರಿ ಬಿದ್ದಳಂತೆ. ಬಿದ್ದವಳು ಏನು ಮಾಡಿದಳು ಗೊತ್ತೇ? ಕೊಡ ಎತ್ತಿಕೊಂಡು ತಾನೇ ಎದ್ದು ಮನೆಗೆ ಬಂದಳು. ಅರ್ಧ ಕೊಡ ಉಳಿಸಿದ್ದಳು! ನಾನು ಬಂದು ಕೇಳಿದರೆ, “ಏನಿಲ್ಲ, ಜರಾ ಉಳುಕ್ಯದ.” ಒಂದೇ ಕಾಲಿನ ಮೇಲೆ ಭಾರ ಹಾಕಿ ಎರಡು ದಿನ ಅಡುಗೆ ಮಾಡಿದಳು. ನಾನು ಪರೀಕ್ಷೆಯ ಗಡಿಬಿಡಿಯಲ್ಲಿ ನಂಬಿದೆ. ಮೂರನೆಯ ದಿನ ಬೆಳಿಗ್ಗೆ ಒಲೆಯ ಮುಂದೆ ಕೂತವಳಿಗೆ ಏಳಲಾಗಲಿಲ್ಲ. ಕೈಯಲ್ಲಿ ಜೋಳದ ಹಿಟ್ಟಿನ ಮುದ್ದೆ ಹಾಗೇ ಇತ್ತು, ಮುಖ ಬಿಳಿಚಿತ್ತು.

ನಾನು, ಕಾಕಾ ಇಬ್ಬರೂ ಸೇರಿ ಆಟೋದಲ್ಲಿ ದವಾಖಾನೆಗೆ ಕರೆದೊಯ್ದೆವು. ಎಳೆ ವಯಸ್ಸಿನ ಡಾಕ್ಟರು, ಮೃದು ಮಾತಿನವರು. ನಗುವ ಮುಖದಿಂದ ಅಳುವ ಮುಖದವರೆಗೆ ಚಿತ್ರ ಬರೆದ ಒಂದು ರಟ್ಟು ತೋರಿಸಿ, “ನೋವು ಎಷ್ಟದ ಹೇಳ್ರಿ ಅಮ್ಮಾ. ಏನೂ ಇಲ್ಲಂದ್ರ ಸೊನ್ನಿ, ತಡಿಯಾಕೇ ಆಗೂದಿಲ್ಲಂದ್ರ ಹತ್ತು” ಎಂದರು.

ಅಯ್ಯೋ, ಅಂಕಿ! ನಾನು ಹೆದರಿ ಕಾಕಾನ ಕಡೆ ನೋಡಿದೆ. ಕಾಕಾ ಕಾಕಿಯ ಮುಖವನ್ನೇ ನೋಡುತ್ತಿದ್ದರು.

“ಎರಡು ರೀ” ಎಂದಳು ಕಾಕಿ.

ಎರಡೇ ತಾನೆ, ಉಳುಕಿರಬೇಕು ಎಂದು ಡಾಕ್ಟರು ಒಂದು ಮುಲಾಮು, ನಾಲ್ಕು ಗುಳಿಗೆ ಬರೆದರು. ಎಕ್ಸ್‌ರೇ ಕೋಣೆಯ ಮುಂದೆ ಸಾಲು ದೊಡ್ಡದಿತ್ತು. ವಾರದಲ್ಲಿ ಕಡಿಮೆಯಾಗದಿದ್ದರೆ ತೆಗೆಯೋಣ ಎಂದರು. ಕಾಕಿ ನಗುತ್ತಾ ಕುರ್ಚಿಯ ಕೈ ಹಿಡಿದು ಏಳಲು ನೋಡಿದಳು. ನನಗೂ ಸಮಾಧಾನವಾಯಿತು, ಅವಳ ಚಪ್ಪಲಿ ಎತ್ತಿಕೊಂಡೆ.

“ನಿಂದರ್ರಿ ಡಾಕ್ಟ್ರೇ” ಎಂದರು ಕಾಕಾ. “ಆ ಎರಡು ಯಾವ ಮಾಪು?”

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. “ಕಾಕಾ, ನಿಮಗ ಕೈ ಮುಗೀತೇನಿ, ಇಲ್ಲಿ ಮಾತ್ರ ನಕೋ! ಹೊರಗ ಇಷ್ಟು ಮಂದಿ ಕುಂತಾರ!”

“ಹೇಳಾಕ ಬಿಡವ್ವಾ” ಎಂದರು. ಯಾವತ್ತಿನ ದನಿ ಅಲ್ಲ ಅದು. “ಡಾಕ್ಟ್ರೇ, ಈ ಎರಡು ಕೆಜಿ ಅಲ್ಲ, ಡಿಗ್ರಿನೂ ಅಲ್ಲ. ನನ್ನ ಎರಡು, ನಿಮ್ಮ ಎರಡು, ಇಕಿ ಎರಡು ಒಂದೇ ಅಲ್ರಿ. ಇದು ಸಾಲಿನ ಅಂಕಿ. ಸಾಲಿನಾಗ ಯಾರು ಎಲ್ಲಿ ನಿಂದರ್ತಾರ ಅಂತ ನೋಡಬೇಕು. ಇಕಿ ಲಗ್ನ ಆಗಿ ಬಂದಾಗಿಂದ ಎಲ್ಲಾ ಸಾಲಿನಾಗೂ ಎಲ್ಲಾರ ಹಿಂದ ನಿಂತಾಕಿ ರೀ. ಊಟಕ್ಕೂ ಹಿಂದ, ನೀರಿಗೂ ಹಿಂದ. ಈಗ ನೋವು ಹೇಳೂದಕ್ಕೂ ಹಿಂದೇ ನಿಂತಾಳ. ಹಲ್ಲು ನೋವಿಗೆ ಒಂಬತ್ತು ಅಂದು ಗಲ್ಲಿ ಎಬ್ಬಿಸಿದಾಂವ ನಾ. ಇಕಿ ಬಾಯಾಗ ಎರಡು ಬಂತಂದ್ರ…”

ಡಾಕ್ಟರು ಚೀಟಿ ಬದಿಗಿಟ್ಟು, ಕುರ್ಚಿ ಎಳೆದುಕೊಂಡು ಕಾಕಿಯ ಎದುರು ಕೂತರು. “ಅಮ್ಮಾ, ಖರೇ ಹೇಳ್ರಿ. ಎಷ್ಟದ?”

ಕಾಕಿ ಕಾಕಾನನ್ನು ನೋಡಿದಳು, ಆಮೇಲೆ ನೆಲ ನೋಡಿದಳು. “ಎಂಟು ರೀ” ಎಂದಳು. ಸ್ವಲ್ಪ ತಡೆದು, “ಒಂಬತ್ತೂ ಇರಬಹುದು. ಹತ್ತು ಬ್ಯಾಡ ರೀ, ಹೊರಗ ಕುಂತವರಿಗೆ ಯಾರಿಗರೆ ಇರ್ತದ.”

ಎಕ್ಸ್‌ರೇಯಲ್ಲಿ ಸೊಂಟದ ಎಲುಬು ಬಿರುಕು ಬಿಟ್ಟದ್ದು ಕಂಡಿತು. ಇನ್ನೆರಡು ದಿನ ಹೀಗೇ ಓಡಾಡಿದ್ದರೆ ಪೂರ್ತಿ ಮುರಿದು, ಮತ್ತೆ ನಡೆಯುವುದೇ ಕಷ್ಟವಾಗುತ್ತಿತ್ತು ಎಂದರು ಡಾಕ್ಟರು. ನನ್ನ ಕೈಯಲ್ಲಿ ಅವಳ ಚಪ್ಪಲಿ ಇನ್ನೂ ಇದ್ದವು. ನಾಲ್ಕು ಮಾಪಿನ ಪಾಠ ಇಷ್ಟು ಸಲ ಕೇಳಿ ಬೈದುಕೊಂಡ ನಾನು ಆ ಎರಡನ್ನು ಎರಡೇ ಎಂದು ನಂಬಿಬಿಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು.

ಕಾಕಿಯನ್ನು ವಾರ್ಡಿನಲ್ಲಿ ಮಲಗಿಸಿದರು. ಕಾಕಾ ಪಕ್ಕದ ಸ್ಟೂಲಿನ ಮೇಲೆ ಕೂತು ತಮ್ಮ ಅಂಗೈಗಳನ್ನೇ ನೋಡಿಕೊಂಡರು.

“ನಾ ಒಂದು ದಿನರೆ ಕೊಡ ಎತ್ತಲಿಲ್ಲ” ಎಂದರು. ಆಮೇಲೆ ಮೆಲ್ಲಗೆ, “ಮಾಪ್ ಮಾಡು” ಎಂದರು.

ಕಾಕಿ ಕಣ್ಣು ಮುಚ್ಚಿಕೊಂಡೇ ಇದ್ದಳು. “ಮಾಡ್ತೇನಿ” ಎಂದಳು. “ಯಾವ ಮಾಪು? ನಾಲ್ಕರಾಗ ಯಾವುದು ಹೇಳ್ರಿ.”

ಕಾಕಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಒರೆಸಿದರು. ಅವರ ಮುಖ ನೋಡಿ ಕಾಕಿಗೆ ನಗು ತಡೆಯಲಾಗಲಿಲ್ಲ. ನಕ್ಕವಳು ಸೊಂಟ ಹಿಡಿದುಕೊಂಡು, “ಅಯ್ಯ, ನಗಸಬ್ಯಾಡ್ರಿ, ನೋಯ್ತದ” ಎಂದಳು.

ಕಾಕಾ ಸ್ಟೂಲಿನಿಂದ ದಡಕ್ಕನೆ ಎದ್ದು ನಿಂತರು.

“ಎಷ್ಟು?”